ಪಾಲುದಾರಿಕೆ ಮುರಿಯುವ ಪಾಠವನ್ನು ಮುಂದೂಡುವ ಬಗ್ಗೆ

ಇಂದ:
ಮೊದಲ ಬೆಂಚಿನ ವಿದ್ಯಾರ್ಥಿನಿ (ಕೇಳದಿದ್ದರೂ ಉತ್ತರ ಹೇಳುವವಳು),
ಹನ್ನೆರಡನೇ ತರಗತಿ, ವಾಣಿಜ್ಯ ವಿಭಾಗ.

ಗೆ:
ಲೆಕ್ಕಶಾಸ್ತ್ರದ ಮೇಷ್ಟ್ರು,
ಸ್ಟಾಫ್ ರೂಮು, ಕಿಟಕಿ ಪಕ್ಕದ ಮೇಜು.

ವಿಷಯ: ‘ಪಾಲುದಾರಿಕಾ ಸಂಸ್ಥೆಯ ವಿಸರ್ಜನೆ’ ಪಾಠವನ್ನು ಸೋಮವಾರ ಆರಂಭಿಸದಿರುವ ಕುರಿತು.

ಉಲ್ಲೇಖ: “ನಿಮಗೆ ಗೊತ್ತಿರೋ ಯಾವುದಾದ್ರೂ ಪಾಲುದಾರಿಕೆ ವ್ಯವಹಾರ ವಿಚಾರಿಸ್ಕೊಂಡು ಬನ್ನಿ” ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಆದೇಶವನ್ನು ನನ್ನ ಮನೆಯಲ್ಲೇ ಪಾಲಿಸಿ ಕೆಟ್ಟೆನೆಂದು ತಿಳಿಸಲು ವಿಷಾದಿಸುತ್ತೇನೆ.

೧. ಅಪ್ಪ ಮತ್ತು ಚಿಕ್ಕಪ್ಪ ಸೇರಿ ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ ನಡೆಸುತ್ತಾರೆ. ಅಪ್ಪ ಗಾಜು ಕತ್ತರಿಸುತ್ತಾರೆ, ಚಿಕ್ಕಪ್ಪ ಮರದ ಚೌಕಟ್ಟು ಜೋಡಿಸುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಬಾರದು. ಅಂಗಡಿ ಹಾಕುವಾಗ ಬಂಡವಾಳ ಅಪ್ಪನದಾದ ಕಾರಣ ಲಾಭದಲ್ಲಿ ಅಪ್ಪನಿಗೆ ಎರಡು ಪಾಲು, ಚಿಕ್ಕಪ್ಪನಿಗೆ ಒಂದು. ನನಗೆ ಬುದ್ಧಿ ಬಂದಾಗಿನಿಂದ ಈ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ.

೨. ಊಟಕ್ಕೆ ಕೂತಾಗ ನಾನು ಪಾಲುದಾರಿಕೆ ಪತ್ರ ಎಲ್ಲಿ ಎಂದು ಕೇಳಿದೆ. ಅಂಥದ್ದು ಇರಲಿಲ್ಲ. ಪತ್ರವಿಲ್ಲದಿದ್ದರೆ ಲಾಭ ಸಮಪಾಲು, ಬಂಡವಾಳ ಯಾರದೇ ಇರಲಿ ಎಂದು ಘೋಷಿಸಿದೆ.

“ಹಾಗಾದ್ರೆ ಇಷ್ಟು ವರ್ಷ ನಂಗೆ ಅರ್ಧ ಬರಬೇಕಿತ್ತಾ?” ಎಂದು ಚಿಕ್ಕಪ್ಪ ನಕ್ಕರು.

“ಓಹೋ, ಮನಸ್ಸಲ್ಲಿ ಇದಿತ್ತಾ ನಿಂಗೆ?” ಎಂದು ಅಪ್ಪ ಅರ್ಧ ಊಟಕ್ಕೇ ಎದ್ದರು.

ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ ಎಂಬ ಸಾಲು ಪಠ್ಯಪುಸ್ತಕದ ಅದೇ ಪುಟದ ಕೆಳಗಿತ್ತು. ಓಡಿಹೋಗಿ ನೋಡಿ ಬಂದು ಹೇಳಿದೆ. “ಪುಸ್ತಕ ಮುಚ್ಚು” ಎಂದರು ಇಬ್ಬರೂ. ಅವರು ಒಟ್ಟಿಗೆ ಆಡಿದ ಕೊನೆಯ ಮಾತು ಅದು.

೩. ಈಗ ಒಂದೇ ಮೇಜಿನ ಆಚೀಚೆ ನಿಂತು ನನ್ನ ಮೂಲಕ ವ್ಯವಹರಿಸುತ್ತಾರೆ.

“ನಿಮ್ಮಪ್ಪಂಗೆ ಹೇಳು, ಹನ್ನೆರಡು ಹದಿನಾರರ ಗಾಜು ಬೇಕು.”

“ಕೇಳಿಸ್ತು ಅಂತ ಹೇಳು.”

ಮದುವೆ ಫೋಟೋ ತಂದಿದ್ದ ಗಿರಾಕಿಯೊಬ್ಬರು ಗಾಜನ್ನೂ ಚೌಕಟ್ಟನ್ನೂ ಎರಡು ಬೇರೆ ಪೊಟ್ಟಣಗಳಲ್ಲಿ ಹೊತ್ತುಕೊಂಡು ಹೋದರು. ನನಗೆ ನಗು ಬಂತು. ಅವರು ಬಾಗಿಲು ದಾಟುವಷ್ಟರಲ್ಲಿ ಅಳುವೂ ಬಂತು.

೪. ಈ ಕಾರಣಗಳಿಂದ ಅಂಗಡಿ ಮುರಿಯುವುದೆಂದು ತೀರ್ಮಾನವಾಗಿದೆ. ಹೊರಗಿನವರು ಬೇಡ, ಲೆಕ್ಕ ನಾನೇ ಮಾಡಬೇಕಂತೆ. “ಆ ಪಾಠ ಇನ್ನೂ ಆಗಿಲ್ಲ” ಎಂದೆ. “ಆದ್ಮೇಲೇ ಮಾಡು, ಅವಸರ ಇಲ್ಲ” ಎಂದರು ಅಪ್ಪ. “ನಂಗೇನು ಅವಸರ?” ಎಂದರು ಚಿಕ್ಕಪ್ಪ. ನಿನ್ನೆ ಇಬ್ಬರೂ ಒಬ್ಬೊಬ್ಬರಾಗಿ ನನ್ನನ್ನು ಪಕ್ಕಕ್ಕೆ ಕರೆದು, “ಆ ಪಾಠ ತುಂಬಾ ಕಷ್ಟವಂತೆ, ಹೌದಾ?” ಎಂದು ಆಸೆಯಿಂದ ಕೇಳಿದ್ದಾರೆ.

ಆದ್ದರಿಂದ ತಾವು ದಯಮಾಡಿ ಕಂಪನಿ ಲೆಕ್ಕಗಳನ್ನು ಮೊದಲು ಕಲಿಸಬೇಕಾಗಿ ಕೋರುತ್ತೇನೆ. ಷೇರುದಾರರು ಒಂದೇ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲವಾದ ಕಾರಣ ಆ ಪಾಠದಿಂದ ಯಾರಿಗೂ ತೊಂದರೆಯಿಲ್ಲ. ಅಂಗಡಿ ಮುರಿದ ಮೇಲೆ ಬರೀ ಗಾಜು ಕತ್ತರಿಸಬಲ್ಲವರು, ಬರೀ ಚೌಕಟ್ಟು ಜೋಡಿಸಬಲ್ಲವರು ಏನು ಮಾಡಬೇಕೆಂದು ಪಠ್ಯದಲ್ಲಿ ಹೇಳಿಲ್ಲ. ನನಗೆ ನಿಜಕ್ಕೂ ಭಯವಾಗಿದೆ, ಸರ್.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಕೈ ಎತ್ತುವುದನ್ನು ನಿಲ್ಲಿಸಿರುವ ವಿದ್ಯಾರ್ಥಿನಿ

ಲಗತ್ತುಗಳು:
೧. ಚೌಕಟ್ಟು ಒಂದು, ಗಾಜಿಲ್ಲದ್ದು.
೨. ಈವರೆಗಿನ ಕಿರುಪರೀಕ್ಷೆಗಳ ಉತ್ತರಪತ್ರಿಕೆಗಳು (ಎಲ್ಲದರಲ್ಲೂ ಪೂರ್ಣ ಅಂಕ).

ವಿ.ಸೂ.: ಪಾಠ ಮುಂದೂಡಲು ಸಾಧ್ಯವಿಲ್ಲವಾದಲ್ಲಿ, ಅದರ ಕಿರುಪರೀಕ್ಷೆಯಲ್ಲಿ ನನ್ನನ್ನು ನಪಾಸು ಮಾಡಿ, ಸಹಿ ಹಾಕಿ, ಅಂಗಡಿ ವಿಳಾಸಕ್ಕೆ ತಿಳಿಸುವುದು. ಒಂದೇ ಪ್ರತಿ ಸಾಕು. ಇಬ್ಬರೂ ಒಟ್ಟಿಗೆ ನೋಡಿಕೊಂಡು ಬೈಯಲಿ.