ಮಳಖೇಡದ ಕಾಲದ ಬಿಲ್ಲೆ

ಇತಿಹಾಸ ಕಲಿಸಿದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಹಳೆಯದೆಲ್ಲ ಅವನ ಕಣ್ಣಿಗೆ ಇನ್ನೂ ಹಳೆಯದಾಗಿ ಕಾಣುತ್ತದೆ. ಸೇಡಂನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ರಾಷ್ಟ್ರಕೂಟರ ಪಾಠ ಹೇಳಿ ನಿವೃತ್ತನಾದ ನಾನು, ಮನೆಯ ತಳ ಸವೆದ ತಪ್ಪೇಲಿಯನ್ನೂ ಅನುಮಾನದಿಂದ ತಿರುಗಿಸಿ ನೋಡಿದ್ದುಂಟು. ಅಂಥ ನಾನು ಮೊಬೈಲಿನಲ್ಲಿ ನೋಡಿ, ನೆಲದೊಳಗಿನ ಲೋಹ ಪತ್ತೆ ಮಾಡುವ ಯಂತ್ರ ತರಿಸಿದೆ. ಅದರ ಉದ್ದನೆಯ ಹಿಡಿಕೆ ನೋಡಿ ಹೆಂಡತಿ ಕಾಶೀಬಾಯಿ, "ಕಸಾ ಹೊಡೀತದೇನ್ರೀ ಇದು?" ಎಂದಳು. ಇಲ್ಲವೆಂದು ತಿಳಿದ ಮೇಲೆ ಅದರತ್ತ ತಿರುಗಿಯೂ ನೋಡಲಿಲ್ಲ.

ಆಡಕಿಯಲ್ಲಿ ಅವಳ ತವರಿನ ಹೊಲವಿದೆ. ಈಗ ಅವಳ ತಮ್ಮ ಶರಣಪ್ಪ ನೋಡಿಕೊಳ್ಳುತ್ತಾನೆ. ತೊಗರಿ ಕೊಯ್ದು ಖಾಲಿಯಾದ ಮೇಲೆ ಮೂವರೂ ಅಲ್ಲಿಗೆ ಹೋದೆವು. ಯಂತ್ರ ಕುಂಯ್ ಎಂದಿತು. ಅಗೆದರೆ ಟ್ರ್ಯಾಕ್ಟರಿನ ನಟ್ಟು. ಮತ್ತೆ ಕುಂಯ್; ಸೋಡಾ ಬಾಟಲಿಯ ಮುಚ್ಚಳ. ಮೂರನೆಯ ಸಲ ಶರಣಪ್ಪ ಹೋದ ವರ್ಷ ಕಳೆದುಕೊಂಡ ಬೀಗದ ಕೈ ಸಿಕ್ಕಿತು. "ಭಾಳ ಛಲೋ ಮಷೀನ್ ಅದ ಮಾಮಾ!" ಎಂದು ಅವನು ಮನಸಾರೆ ಹೊಗಳಿದ.

ಬೇವಿನ ಮರದ ಬುಡದಲ್ಲಿ ಮಾತ್ರ ಹಸಿರುಗಟ್ಟಿದ ಒಂದು ದುಂಡನೆಯ ಬಿಲ್ಲೆ ಬಂತು. ಮೇಲೆ ಅಕ್ಷರಗಳಿದ್ದವು! ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮಗೇನು ದೂರ? ಕೂಡಲೇ ಚಿತ್ತಾಪುರದ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಶಾಸನ ಓದುವ ಹುಚ್ಚು. ಅವನು ಬರುವಷ್ಟರಲ್ಲಿ ಅಕ್ಕಪಕ್ಕದ ಹೊಲದವರೂ ಸೇರಿದ್ದರು. ನಾನು ಅವರಿಗೆ ಅರ್ಧ ರಾಜವಂಶ ಹೇಳಿ ಮುಗಿಸಿದ್ದೆ.

ಗೆಳೆಯ ಬಿಲ್ಲೆಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಕನ್ನಡಕ ಏರಿಸಿ ಓದಿದ: "ಪ್ರ... ಥ... ಮ."

"ಪ್ರಥಮ! ಯಾವ ರಾಜ?" ಎಂದು ಕೂಗಿದೆ.

"ತಡೀರಿ ಸರ್, ಇನ್ನೂ ಅದ. ಇನ್ನೂರು... ಮೀಟರ್... ಓಟ."

ಗುಂಪಿನಲ್ಲಿ ಒಬ್ಬರು ಬಹಳ ವಿನಯದಿಂದ ಕೇಳಿದರು: "ರಾಜರು ಓಡತಿದ್ರೇನ್ರೀ ಸರ್?"

ಅಷ್ಟರಲ್ಲಿ ಕಾಶೀಬಾಯಿ ಮುಂದೆ ಬಂದು ಬಿಲ್ಲೆ ಕಿತ್ತುಕೊಂಡಳು. "ಇದು ನಂದು! ಒಂಬತ್ತನೇ ಇಯತ್ತ್ಯಾಗ ಇದ್ದಾಗ ಚಿತ್ತಾಪುರದಾಗ ಓಡಿ ಗೆದ್ದಿದ್ದೆ. ಇಂವ ಶರಣಪ್ಪ ಒಯ್ದು ಎಮ್ಮಿ ಕೊಳ್ಳಾಗ ಕಟ್ಟಿದ್ದ. ಅದಕ್ಕ ಬಿಚ್ಚಿ ಇಲ್ಲಿ ಹುಗದಿಟ್ಟೆ. ಆಮ್ಯಾಲೆ ಜಾಗಾನೇ ಸಿಗಲಿಲ್ಲ."

"ಎಮ್ಮಿಗಿ ಚಂದ ಕಾಣ್ತಿತ್ತಕ್ಕಾ," ಎಂದ ಶರಣಪ್ಪ, ನೆಲ ನೋಡುತ್ತ.

"ನೀ ಓಡತಿದ್ದಿ ಅಂತ ನನಗ ಒಂದು ದಿನಾನೂ ಹೇಳಲಿಲ್ಲಲ್ಲ!" ಎಂದೆ.

"ನೀವ್ ಯಾವಾಗ ಕೇಳೀರಿ? ನಿಮ್ಮ ರಾಜರು ಮುಗದ್ರಲ್ಲ ನನ್ನ ಪಾಳಿ ಬರೋದು?" ಎಂದು ಬಿಲ್ಲೆಯನ್ನು ಸೆರಗಿನಿಂದ ಒರೆಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಒಬ್ಬೊಬ್ಬ ಅರಸನ ಮಕ್ಕಳು ಮೊಮ್ಮಕ್ಕಳ ಹೆಸರು ಬಾಯಿಪಾಠವಿದ್ದ ನನಗೆ ಹೆಂಡತಿಯ ಈ ಓಟ ಗೊತ್ತಿರಲಿಲ್ಲ.

ಮರುದಿನದಿಂದ ನಮ್ಮ ಬೆಳಗಿನ ವಾಕಿಂಗ್ ಬದಲಾಗಿದೆ. ಮೊದಲು ಅವಳು ನನ್ನ ಹಿಂದೆ ಎರಡು ಹೆಜ್ಜೆ ಬರುತ್ತಿದ್ದಳು. ಪಾಪ, ಅವಳಿಗಾಗಿ ನಿಧಾನ ನಡೆಯುತ್ತೇನೆ ಎಂದು ನಾನು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ಈಗ ಅವಳು ಮುಂದಿನ ತಿರುವಿನಲ್ಲಿ ನಿಂತು ನನ್ನ ದಾರಿ ಕಾಯುತ್ತಾಳೆ. ಎದುರಾದವರು, "ಯಾಕ್ರೀ ಸರ್, ಮೊಣಕಾಲ್ ನೋವೇನು?" ಎನ್ನುತ್ತಾರೆ. ಏದುಸಿರು ಬಿಡುತ್ತಲೇ ಹೌದು ಎಂದುಬಿಡುತ್ತೇನೆ.