ಒಂಬತ್ತು ಸಲ ‘ಸಹಜ’ ಎಂದವರಿಗೆ

ಮಾನ್ಯ ಇ.ಸಿ.ಜಿ. ಯಂತ್ರದವರೇ,

ಸಾದರ ನಮಸ್ಕಾರಗಳು. ಮೂಲೆ ಕಟ್ಟಡದ ಮೊದಲ ಮಹಡಿಯ ಲ್ಯಾಬಿನಲ್ಲಿ, ಹಸಿರು ಪರದೆಯ ಹಿಂದೆ, ಗಾಲಿ ಮೇಜಿನ ಮೇಲೆ ವಿರಾಜಮಾನರಾಗಿರುವ ತಾವು ಕ್ಷೇಮವೆಂದೂ, ತಮ್ಮ ಹತ್ತೂ ವೈರುಗಳು ಒಂದಕ್ಕೊಂದು ಗಂಟು ಬೀಳದೆ ಆರೋಗ್ಯವಾಗಿವೆಯೆಂದೂ, ತಮ್ಮ ಕಾಗದದ ಸುರುಳಿ ಇನ್ನೂ ಮುಗಿದಿಲ್ಲವೆಂದೂ ನಂಬಿದ್ದೇನೆ. ಇತ್ತ ನಾನೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಆ ಒಂದು ಸಾಲಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮಗೆ ನನ್ನ ಗುರುತು ಸಿಗಲಿಕ್ಕಿಲ್ಲ. ದಿನಕ್ಕೆ ಮೂವತ್ತು ಎದೆ ನೋಡುವವರು ಒಂದೊಂದನ್ನೂ ನೆನಪಿಟ್ಟುಕೊಳ್ಳಬೇಕೆಂದು ಕೇಳುವುದು ಅನ್ಯಾಯ. ಆದರೂ ಹೇಳಿಬಿಡುತ್ತೇನೆ: ತಮ್ಮ ಕಟ್ಟಡದ ಎದುರಿಗೇ ಇರುವ ಹೊಲಿಗೆ ಅಂಗಡಿಯ ದೊಡ್ಡ ಮಗಳು ನಾನು. ಅಪ್ಪ ಅಳತೆ ತೆಗೆಯುತ್ತಾರೆ, ನಾನು ಬಟ್ಟೆ ಕತ್ತರಿಸುತ್ತೇನೆ, ಅಮ್ಮ ಗುಂಡಿ ಹಚ್ಚುತ್ತಾರೆ, ತಂಗಿ ಬೇರೆ ಕೆಲಸದಲ್ಲಿದ್ದಾಳೆ, ನಮ್ಮ ಅಂಗಡಿಗೆ ಬಂದಾಗಲೆಲ್ಲ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಇಪ್ಪತ್ತು ತುಂಬಿದ ವರ್ಷದಿಂದ ಇಪ್ಪತ್ತೆಂಟರವರೆಗೆ, ಪ್ರತಿ ಹುಟ್ಟುಹಬ್ಬದ ವಾರ, ತಪ್ಪದೆ, ತಮ್ಮ ಪಕ್ಕದ ರೆಕ್ಸಿನ್ ಮಂಚದ ಮೇಲೆ ಅಂಗಾತ ಮಲಗಿದ್ದೇನೆ. ಒಂಬತ್ತು ಸಲವೂ ತಾವು ಗುಲಾಬಿ ಚೌಕಳಿಯ ಕಾಗದದ ಮೇಲೆ ಗೀಚಿ, ಕೆಳಗೆ ‘ಸಹಜ’ ಎಂದು ಬರೆದುಕೊಟ್ಟಿರಿ. ಶಾಲೆಯಲ್ಲಿ ಕೂಡ ನನಗೆ ಯಾರೂ ಒಂಬತ್ತು ವರ್ಷ ಸಾಲಾಗಿ ಪಾಸು ಎಂದು ಬರೆದುಕೊಟ್ಟಿರಲಿಲ್ಲ.

ನಾವು ತಮ್ಮ ಬಳಿಗೆ ಬರುವಂತಾದ ಕಾರಣವನ್ನು ಅರಿಕೆ ಮಾಡಿಕೊಳ್ಳಬೇಕು. ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಮೂವತ್ತೆಂಟಕ್ಕೆ ಹೋದರು. ದೊಡ್ಡತ್ತೆ ನಲವತ್ತೊಂದಕ್ಕೆ. ಚಿಕ್ಕತ್ತೆ ಮೂವತ್ತೈದಕ್ಕೆ. ಏನಾಗಿತ್ತು ಎಂದು ಯಾರು ಕೇಳಿದರೂ ಮನೆಯಲ್ಲಿ ಒಂದೇ ಉತ್ತರ: ಎದೆನೋವು. ನಮ್ಮ ಭಾಷೆಯಲ್ಲಿ ಎದೆ ಎಂಬುದು ಬಹಳ ಅನುಕೂಲದ ಮಾತು. ಎದೆ ಝಲ್ಲೆಂದಿತು ಎಂದರೆ ಒಳಗಿನದು, ಎದೆಹಾಲು ಎಂದರೆ ಹೊರಗಿನದು, ನೋವು ಎಂದಾಗ ಮಾತ್ರ ಯಾವುದು ಎಂದು ಕೇಳುವವರಿಲ್ಲ. ಬೇರೆ ಮಾತುಗಳು ಇಲ್ಲವೆಂದಲ್ಲ. ಒಂದು ಮಾತು ಆಸ್ಪತ್ರೆಯ ಫಲಕಗಳ ಮೇಲೆ ಮಾತ್ರ ವಾಸ ಮಾಡುತ್ತದೆ, ಇನ್ನೊಂದು ತೊಟ್ಟಿಲಿನ ಕೂಸಿಗೂ ಬೇಕಾದದ್ದು, ಆದರೆ ದೊಡ್ಡವರಾದ ಮೇಲೆ ಅದನ್ನು ಬೈಗುಳದ ಜೊತೆ ಕಟ್ಟಿ ಅಟ್ಟಕ್ಕೆ ಹಾಕಿದ್ದೇವೆ. ಹಾಗಾಗಿ ನಮ್ಮದು ಹೃದಯ ದುರ್ಬಲವಾದ ವಂಶ ಎಂದು ತೀರ್ಮಾನವಾಯಿತು. ಮನೆಯಿಂದ ಬೆಣ್ಣೆ ಗಡೀಪಾರಾಯಿತು. ಅಪ್ಪ ಬೆಳಿಗ್ಗೆ ನಾಲ್ಕು ಸುತ್ತು ನಡೆಯತೊಡಗಿದರು. ನಮ್ಮಿಬ್ಬರು ಹೆಣ್ಣುಮಕ್ಕಳನ್ನು ತಮ್ಮ ವಶಕ್ಕೆ ಒಪ್ಪಿಸಲಾಯಿತು.

ಇದರಲ್ಲಿನ ತಮಾಷೆಯನ್ನು ತಾವು ಗಮನಿಸಬೇಕು. ನಮ್ಮ ಅಂಗಡಿಯಲ್ಲಿ ಅಪ್ಪ ಟೇಪು ಎಳೆದು, ಬೀದಿಗೆ ಕೇಳುವ ಹಾಗೆ “ಎದೆ ಮೂವತ್ತಾರು!” ಎಂದು ಕೂಗುತ್ತಾರೆ, ನಾನು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ದಿನಕ್ಕೆ ಇಪ್ಪತ್ತು ಸಲ ಕೂಗುವ ಆ ಮನುಷ್ಯ ಮನೆಗೆ ಬಂದ ಮೇಲೆ ಅದೇ ಮಾತನ್ನು ಹಾರ್ಟು ಎಂದು ಅನುವಾದಿಸಿಕೊಂಡು ಬೆಣ್ಣೆ ಬಿಟ್ಟರು.

ಈಗ ದೂರಿಗೆ ಬರುತ್ತೇನೆ. ಇಪ್ಪತ್ತೆಂಟು ತುಂಬಲು ನಾಲ್ಕು ತಿಂಗಳಿರುವಾಗ ನನ್ನ ಎಡಭಾಗದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು, ಕೋಟಿಗೆ ಹಾಕುವ ಗುಂಡಿಯಷ್ಟು. ನೋವಿರಲಿಲ್ಲ. ಹೆದರಿಕೆಯಾಯಿತು, ಆದರೆ ನಾಲ್ಕು ತಿಂಗಳಿಗೆ ಹೇಗೂ ಎದೆ ಪರೀಕ್ಷೆ ಇದೆಯಲ್ಲ, ಯಂತ್ರ ನೋಡಿಕೊಳ್ಳುತ್ತದೆ ಎಂದು ಸುಮ್ಮನಾದೆ. ಹೌದು ಮಾನ್ಯರೇ, ತಮ್ಮ ಮೇಲಿನ ಭರವಸೆಯಿಂದ, ಸರತಿ ಬರುವವರೆಗೆ, ನೂರಿಪ್ಪತ್ತು ದಿನ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬೇರೆಯವರ ಎದೆಯ ಅಳತೆ ಬರೆಯುತ್ತ ಕೂತಿದ್ದೆ. ಬೇರೆ ಯಾರಿಗೂ ಈ ಮಾತು ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಬಹಿರಂಗ ಪತ್ರವಾದ್ದರಿಂದ ಈಗ ಎಲ್ಲರಿಗೂ ಗೊತ್ತಾಗುತ್ತದೆ, ಆಗಲಿ.

ಕೊನೆಗೆ ಸರತಿ ಬಂತು. ತಮ್ಮ ಸೇವೆಯಲ್ಲಿರುವ, ನಾವೆಲ್ಲ ಜೆಲ್ಲಕ್ಕ ಎಂದು ಕರೆಯುವ ಹೆಂಗಸು ಎಂದಿನಂತೆ ತಣ್ಣನೆಯ ಜೆಲ್ಲು ಬಳಿದು, ತಮ್ಮ ರಬ್ಬರ್ ಬಟ್ಟಲುಗಳನ್ನು ಒಂದೊಂದಾಗಿ ಅಂಟಿಸುತ್ತ ಬಂದರು. ನಾಲ್ಕನೆಯದನ್ನು ಇಡಲು ಎಡಭಾಗವನ್ನು ಸ್ವಲ್ಪ ಎತ್ತಿದ ಅವರ ಕೈ ಅಲ್ಲೇ ನಿಂತಿತು. “ಇದು ಯಾವಾಗಿಂದ ಇದೆ ಕಣಮ್ಮಾ?” ಎಂದರು. ತಾವು ಅದಕ್ಕೆ ಕಿವಿಗೊಡದೆ, ಆ ಗಂಟಿನಿಂದ ಒಂದೇ ಇಂಚು ಕೆಳಗೆ ಬಾಯಿ ಕಚ್ಚಿಕೊಂಡು, ಟಿಕ್ ಟಿಕ್ ಎಂದು ಕಾಗದ ಹೊರಗೆ ಬಿಟ್ಟಿರಿ. ‘ಸಹಜ’. ಆ ಕಾಗದ ನನ್ನ ಬಳಿ ಇದೆ. ಗಂಟು ತಮ್ಮ ವಿಭಾಗಕ್ಕೆ ಬರುವುದಿಲ್ಲ ಎಂಬ ತಮ್ಮ ನಿಲುವನ್ನು ನಾನು ಮನಸಾರೆ ಮೆಚ್ಚಿಕೊಳ್ಳುತ್ತೇನೆ. ಇಷ್ಟು ಹತ್ತಿರ ಕೂತು ಇಷ್ಟು ಅಚ್ಚುಕಟ್ಟಾಗಿ ತನ್ನ ಕೆಲಸವನ್ನಷ್ಟೇ ಮಾಡುವವರು ಕಚೇರಿಗಳಲ್ಲೂ ಅಪರೂಪ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ, ತಮಗೆ ಬಿಡುವಿರುವುದಿಲ್ಲ. ಜೆಲ್ಲಕ್ಕ ಹೇಳಿ ಕಳಿಸಿದ ದೊಡ್ಡ ಆಸ್ಪತ್ರೆಯ ಆ ವಿಭಾಗದಲ್ಲಿ ಕಾಯುತ್ತಿದ್ದವರೆಲ್ಲ ನನ್ನ ಅಮ್ಮನ ವಯಸ್ಸಿನವರು. ನರ್ಸು ಬಂದವರೇ ನನ್ನ ಕೈಗೆ ಫೈಲು ಕೊಟ್ಟು, “ನೀವು ಜೊತೆಗೆ ಬಂದವರಲ್ವಾ, ಇದನ್ನು ಹಿಡ್ಕೊಳ್ಳಿ” ಎಂದು ಹೇಳಿ, ಹೆಸರಿನ ಪಟ್ಟಿಯನ್ನು ಅಮ್ಮನ ಮಣಿಕಟ್ಟಿಗೆ ಕಟ್ಟತೊಡಗಿದರು. ನಾನು ತಡೆಯಬೇಕೆನ್ನುವಷ್ಟರಲ್ಲಿ ಅಮ್ಮ ಕೈ ಒಡ್ಡಿಯೇಬಿಟ್ಟಿದ್ದರು. ಬಿಚ್ಚಿಸುವುದಕ್ಕೆ ನರ್ಸಿಗಿಂತ ಅಮ್ಮನ ಜೊತೆ ಹೆಚ್ಚು ಜಗಳವಾಡಬೇಕಾಯಿತು. ಕೂದಲು ಹೋಯಿತು, ಎಡಭಾಗ ಹೋಯಿತು. ಆಪರೇಷನ್ ಆದ ಮೇಲೆ ಪಕ್ಕದಿಂದ ಕೊಳವೆಯೊಂದು ಇಳಿದು, ಅದರ ತುದಿಯ ಡಬ್ಬಿಯನ್ನು ಎಲ್ಲಿ ಹೋದರೂ ಕೈಯಲ್ಲಿ ಹಿಡಿದು ತಿರುಗಬೇಕಿತ್ತು. ಮಾರನೆಯ ದಿನ ಅಪ್ಪ ನನ್ನ ನಾಲ್ಕು ಅಂಗಿಗಳ ಒಳಗೆ ಆ ಡಬ್ಬಿಗೆ ಸರಿಯಾಗಿ ಕೂರುವ ಜೇಬು ಹೊಲಿದು ತಂದು, “ಹಾಕ್ಕೋ, ಸಡಿಲ ಆದ್ರೆ ಹೇಳು” ಎಂದು ಬಾಗಿಲಿನಿಂದಲೇ ಹೊರಟುಹೋದರು. ಅಂಗಡಿಯ ಗಿರಾಕಿಗಳು “ಇಷ್ಟು ಚಿಕ್ಕ ವಯಸ್ಸಿಗೇನಾ?” ಎಂದು ಕೇಳುತ್ತಾರೆ, ಬೇಗ ಬಂದುಬಿಟ್ಟೆನೇನೋ, ಸ್ವಲ್ಪ ಹೊತ್ತು ಹೊರಗೆ ಕೂತು ಬರಬೇಕಿತ್ತೇನೋ ಎನ್ನುವ ಹಾಗೆ.

ವೈದ್ಯೆ ಮನೆತನದ ವಿಷಯ ಕೇಳಿದಾಗ ಅಪ್ಪ ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತ, “ನಮ್ಮ ಕಡೆ ಎಲ್ಲಾ ಹಾರ್ಟು ಡಾಕ್ಟ್ರೇ” ಎಂದರು. ಅತ್ತೆಯರಿಗೆ ತೋಳು ಊದಿತ್ತೇ, ಆಪರೇಷನ್ ಆಗಿತ್ತೇ ಎಂದರೆ, “ಗೊತ್ತಿಲ್ಲ” ಎಂದರು. ರಕ್ತಕ್ಕೆ ಗೊತ್ತಿತ್ತು. ಪರೀಕ್ಷೆಯಲ್ಲಿ ಸಿಕ್ಕ ದೋಷ ಅಪ್ಪನ ಕಡೆಯಿಂದಲೇ ಇಳಿದು ಬಂದದ್ದು, ಗಂಡಸರೂ ಅದನ್ನು ದಾಟಿಸಬಲ್ಲರು, ತಂಗಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಈಗಲೇ ರಕ್ತ ಕೊಟ್ಟು ತಿಳಿದುಕೊಂಡರೆ ನನ್ನಷ್ಟು ತಡವಾಗುವುದಿಲ್ಲ ಎಂದು ವೈದ್ಯೆ ಬಿಡಿಸಿ ಹೇಳಿದರು.

ತಂಗಿಗೆ ಇಪ್ಪತ್ನಾಲ್ಕು ತುಂಬುತ್ತಿದೆ. ಅವಳು ತಮ್ಮ ಪರಮ ಭಕ್ತೆ. ರಕ್ತ ಕೊಡು ಮಾರಾಯ್ತಿ ಎಂದು ನಾನು ಹೇಳುವುದು ಇದು ಆರನೆಯ ತಿಂಗಳು. “ನನ್ನ ಎದೆ ಚೆನ್ನಾಗೇ ಇದೆ ಕಣೇ, ನಾಲ್ಕು ವರ್ಷದ ರಿಪೋರ್ಟ್ ಇದೆ, ನೀನು ಸುಮ್ನೆ ತಲೆ ತಿನ್ಬೇಡ” ಎಂದು ತಮ್ಮ ನಾಲ್ಕು ಕಾಗದಗಳನ್ನು ನನ್ನ ಮುಖಕ್ಕೆ ಹಿಡಿಯುತ್ತಾಳೆ. ಅವಳೇನು ದಡ್ಡಿಯಲ್ಲ. ಹೆದರಿದ್ದಾಳೆ. ಹೆದರಿದವಳಿಗೆ ತಾವು ಒಳ್ಳೆಯ ಮರೆ, ನನಗೂ ಆಗಿದ್ದಿರಿ. ಬುಧವಾರ ಹತ್ತೂವರೆಗೆ ತಮ್ಮಲ್ಲಿ ಅವಳ ಐದನೆಯ ಸರತಿ ಇದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ಬುಧವಾರದ ಮಟ್ಟಿಗೆ ತಾವು ದಯವಿಟ್ಟು ಕೆಟ್ಟು ನಿಲ್ಲಬೇಕು. ತಮ್ಮ ಘನತೆಗೆ ಅದು ಕುಂದು ಎನಿಸಿದರೆ, ‘ಸಹಜ’ ಎಂಬಲ್ಲಿ ‘ಒಂದು ಇಂಚು ಮೇಲಿನದು ನನಗೆ ಗೊತ್ತಿಲ್ಲ’ ಎಂದು ಅಚ್ಚು ಹಾಕಿಕೊಡಬೇಕು. ಅದೂ ಆಗದಿದ್ದರೆ, ತಮ್ಮ ಹತ್ತು ವೈರುಗಳಲ್ಲಿ ಬಿಡುವಾಗಿರುವ ಯಾವುದಾದರೂ ಒಂದು ಅವಳ ಕೈ ಹಿಡಿದು, ನಡುವಿನ ಓಣಿ ದಾಟಿಸಿ, ಎದುರು ಬಾಗಿಲಿನ ರಕ್ತ ತೆಗೆಯುವ ಕೋಣೆಯಲ್ಲಿ ಕೂರಿಸಿ ಬರಬೇಕು. ನನ್ನ ಕೈಯಲ್ಲಂತೂ ಆಗಲಿಲ್ಲ.

ಇಷ್ಟು ಬರೆದು ಮುಗಿಸಬೇಕೆಂದಿದ್ದೆ. ಆದರೆ ಈ ಮಧ್ಯಾಹ್ನ ಅಂಗಡಿಯಲ್ಲಿ ಒಂದು ಸಂಗತಿ ನಡೆಯಿತು, ತಮಗೆ ತಿಳಿಸದೆ ಇರುವುದು ಸೌಜನ್ಯವಲ್ಲ. ತಂಗಿ ಬಂದು ಕೂತು ಎಂದಿನಂತೆ ತನ್ನ ರಿಪೋರ್ಟುಗಳ ಹಿರಿಮೆ ಹೇಳುತ್ತಿದ್ದಳು. ಅಪ್ಪ ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಇಪ್ಪತ್ತಾರು ವರ್ಷ ಹಳೆಯ ಅಳತೆ ಪುಸ್ತಕವೊಂದನ್ನು ತೆಗೆದು, ಧೂಳು ಒರೆಸಿ, ಒಂದು ಪುಟ ಬಿಡಿಸಿದರು. ಅದು ಚಿಕ್ಕತ್ತೆಯ ಪುಟ. ಗಿರಾಕಿಗಳಿಗೆ ಅಳತೆ ಕೂಗುವ ಅದೇ ದನಿಯಲ್ಲಿ, ಇಬ್ಬರು ಹೆಂಗಸರು ಬ್ಲೌಸಿನ ಬಟ್ಟೆ ಹಿಡಿದು ನಿಂತಿರುವಾಗಲೇ, ಓದಿದರು: “ಎದೆ ಮೂವತ್ನಾಲ್ಕು. ಸೊಂಟ ಇಪ್ಪತ್ತೆಂಟು. ಎಡಕ್ಕೆ ಹತ್ತಿ, ಎರಡು ಮಡಿಕೆ.”

ನನ್ನ ಕತ್ತರಿ ಬಟ್ಟೆಯ ನಡುವೆ ನಿಂತಿತು. ಅಪ್ಪ ತಂಗಿಯನ್ನೇ ನೋಡುತ್ತ, “ಒಂದು ಕಡೆ ಸ್ವಲ್ಪ ತುಂಬ್ಸಿ ಹೊಲ್ಕೊಡು ಅಂದ್ಲು ನನ್ನ ತಂಗಿ. ತುಂಬ್ಸಿ ಕೊಟ್ಟೆ. ಯಾಕೆ ಅಂತ ಕೇಳ್ಲಿಲ್ಲ. ಅವಳಿಗೆ ಹಾರ್ಟಲ್ಲ ಮಗಾ. ಮೊಲೆ ಕ್ಯಾನ್ಸರು. ನಮ್ಮಮ್ಮಂಗೂ ಅದೇ, ನಮ್ಮಕ್ಕಂಗೂ ಅದೇ ಇರ್ಬೇಕು. ಅವತ್ತೇ ಕೇಳಿದ್ದಿದ್ರೆ ನಿಮ್ಮಕ್ಕ ಉಳ್ಕೊಳ್ತಿದ್ಲು” ಎಂದರು. ಅಮ್ಮನ ಕೈಯಿಂದ ಗುಂಡಿಯ ಡಬ್ಬಿ ಜಾರಿ ಅಂಗಡಿಯ ತುಂಬ ಗುಂಡಿಗಳು ಉರುಳಿದವು. ನನಗೆ ಕೋಪ ಬಂತು, ಸುಳ್ಳೇಕೆ ಹೇಳಲಿ, ಕತ್ತರಿ ಎಸೆಯುವಷ್ಟು ಬಂತು. ಆದರೆ “ನಾನು ಉಳ್ಕೊಂಡೇ ಇದ್ದೀನಲ್ಲಪ್ಪಾ” ಎಂದಷ್ಟೇ ಬಾಯಿಗೆ ಬಂತು. ನೂರಿಪ್ಪತ್ತು ದಿನ ನಾನೂ ‘ಎದೆ’ ಎಂಬ ಅದೇ ಮಾತಿನ ಹಿಂದೆ ಅಡಗಿ ಕೂತವಳಲ್ಲವೇ. ತಂಗಿ ನೆಲದ ಮೇಲೆ ಮೊಣಕಾಲೂರಿ ಗುಂಡಿಗಳನ್ನೆಲ್ಲ ಆರಿಸಿ ಡಬ್ಬಿಗೆ ತುಂಬಿಸಿದಳು, ಆಮೇಲೆ ಆ ಎದುರು ಬಾಗಿಲಿನ ರಕ್ತ ತೆಗೆಯುವವರು ಎಷ್ಟು ಗಂಟೆಗೆ ತೆರೆಯುತ್ತಾರೆ ಎಂದು ಕೇಳಿದಳು.

ಆದ್ದರಿಂದ ಮೇಲ್ಕಂಡ ಪ್ರಾರ್ಥನೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ತಾವು ಕೆಟ್ಟು ನಿಲ್ಲುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಅವಳ ರಕ್ತ ಏನು ಹೇಳುತ್ತದೋ ನನಗೆ ಗೊತ್ತಿಲ್ಲ, ಹೆದರಿಕೆಯಂತೂ ಇದೆ. ತಮ್ಮ ಮುಂದಿನ ಎದೆಗಳೆಲ್ಲ ಸಹಜವಾಗಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
(ಒಂಬತ್ತು ವರ್ಷ ಆ ಹೆಸರಿಗೆ ತಕ್ಕಂತೆ ನಡೆದುಕೊಂಡವಳು)
ಎದುರು ಅಂಗಡಿಯ ದೊಡ್ಡ ಮಗಳು

ತಾ.ಕ.: ಬುಧವಾರ ಹತ್ತೂವರೆಯ ಸರತಿಯನ್ನು ಮಾತ್ರ ರದ್ದು ಮಾಡಬೇಡಿ. ತಂಗಿಯ ಬದಲಿಗೆ ಅಪ್ಪ ಬರುತ್ತಾರೆ. ಆ ಪುಟ ಓದಿದಾಗಿನಿಂದ ಅವರಿಗೆ ಎದೆನೋವಂತೆ. ಈ ಸಲ ಒಳಗಿನದೇ, ತಮ್ಮ ವಿಭಾಗದ್ದೇ. ತಾವು ‘ಸಹಜ’ ಎಂದೇ ಬರೆಯುತ್ತೀರೆಂದು ಗೊತ್ತು. ಬರೆಯಿರಿ, ನಾವು ಯಾರೂ ನಂಬುವುದಿಲ್ಲ.