ಹೂಕುಂಡದ ಕೋಡುಬಳೆ ಮತ್ತು ಐರಿಶ್ ಲೇಖಕಿ

ನಾನು ಮದುವೆಯಾಗಿ ನೈರೋಬಿಗೆ ಬಂದ ಕಾಲಕ್ಕೆ ನಮ್ಮ ಬಳಗದಲ್ಲಿ ಇದ್ದದ್ದೇ ಆರು ಕನ್ನಡದ ಮನೆ. ಒಬ್ಬರು ಸೀನಿದರೆ ಇನ್ನೊಬ್ಬರ ಮನೆಯಲ್ಲಿ ಕಷಾಯ ಕುದಿಯುತ್ತಿತ್ತು. ಇಂಥ ಕಡೆ ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿಯೇ ಟಿಫಿನ್ ಕ್ಯಾರಿಯರ್ ಹಿಡಿದು ಮನೆಗೆ ಬರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಹಾಗೆ ಬಂದದ್ದು ಇದು.

೧. ಮುಖ ಕಾಣುವ ಸಾರು

ಅಲ್ಲಿನ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ತಿಂಗಳಿಗೊಂದು ಸಣ್ಣಕಥೆ ಬರತೊಡಗಿತು. ಬರೆದವರ ಹೆಸರಿಲ್ಲ, ‘ದಾರಿಹೋಕ’ ಎಂಬರ್ಥದ ಒಂದು ಕಾವ್ಯನಾಮ. ಎಲ್ಲ ಕಥೆಯಲ್ಲೂ ಒಂದು ಇಂಡಿಯನ್ ಮನೆ, ಒಬ್ಬ ಅತಿಥಿ, ಒಂದು ಊಟ. ಮೊದಲ ಕಥೆಯ ಮೀನುಸಾರು ಎಷ್ಟು ತೆಳುವೆಂದರೆ, ಅತಿಥಿ ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ಸರಿಮಾಡಿಕೊಳ್ಳುತ್ತಾನೆ.

ಆರು ಮನೆಯಲ್ಲೊಂದು, ಸೌತ್ ಬಿ ಬಡಾವಣೆಯ ಮಂಗಳೂರಿನ ಟೀಚರದ್ದು. ಅವರು ಪತ್ರಿಕೆ ಹಿಡಿದು, ಮಟಾಟು ಎಂಬ ಅಲ್ಲಿನ ಬಾಡಿಗೆ ವ್ಯಾನು ಹತ್ತಿ, ಕಿಲೆಲೆಶ್ವಾದ ನಮ್ಮ ಮನೆಗೆ ಬಂದರು.

“ಇದು ನನ್ನದೇ ಸಾರು!”

“ಅದು ಹೇಗೆ ಹೇಳ್ತೀರಿ?”

“ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುವುದು ಇದನ್ನೇ ಮಾರಾಯ್ತಿ!”

ಮುಂದಿನ ತಿಂಗಳುಗಳಲ್ಲಿ ಬೇರೆ ಮನೆಯವರೂ ತಮ್ಮ ತಮ್ಮ ಅಡುಗೆಯನ್ನು ಗುರುತಿಸಿದರು. ಬರೆದವರು ಸಿಕ್ಕರೆ ಅವರಿಗೆ ಒಂದು ಲೋಟ ನೀರೂ ಕೊಡಬಾರದೆಂದು ಆರೂ ಮನೆಯ ಹೆಂಗಸರು ತೀರ್ಮಾನಿಸಿದೆವು.

೨. ಕುಂಡ

ಐದನೆಯ ಕಥೆಯ ಅತಿಥಿ, ಹಲ್ಲಿಗೆ ಬಗ್ಗದ ಕೋಡುಬಳೆಯನ್ನು ಮನೆಯಾಕೆ ಒಳಗೆ ಹೋದಾಗ ಹೂಕುಂಡದಲ್ಲಿ ಹೂತುಬಿಡುತ್ತಾನೆ. ಓದಿ ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ನಿಂತಿತು. ಚಮಚ ತೆಗೆದುಕೊಂಡು ಹೋಗಿ ಬಾಲ್ಕನಿಯ ಕುಂಡ ಕೆದಕಿದೆ. ನಾಲ್ಕು ಕೋಡುಬಳೆ. ದಿನಾ ನೀರು ಹಾಕಿದ್ದರೂ ಒಂದೂ ಮೆತ್ತಗಾಗಿರಲಿಲ್ಲ.

ಆ ಕುಂಡದ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಒಬ್ಬನೇ: ಯೂನಿವರ್ಸಿಟಿಯ ಇಂಗ್ಲಿಷ್ ಲೆಕ್ಚರರ್. ಮೈಸೂರಿನ ಬ್ರಹ್ಮಚಾರಿ. ಹಳೆಯ ಕಾಲದ ವಾರಾನ್ನವನ್ನೇ ನೈರೋಬಿಗೆ ತಂದಿದ್ದ. ಆರು ದಿನ ಆರು ಮನೆ, ಶುಕ್ರವಾರ ನಮ್ಮದು. ಭಾನುವಾರ ಮಾತ್ರ ಸ್ವಂತ ಅಡುಗೆ, ಅಂದರೆ ಬ್ರೆಡ್ಡಿಗೆ ಜಾಮ್ ಸವರುವುದು. ನಿಜ ಹೊರಬಿದ್ದರೆ ಪಾಪ, ಏಳು ದಿನವೂ ಜಾಮು. ಅದೂ ಅಲ್ಲದೆ ಕಥೆ ನಿಜಕ್ಕೂ ಚೆನ್ನಾಗಿತ್ತು. ಯಾರಿಗೂ ಹೇಳಲಿಲ್ಲ.

ಮುಂದಿನ ಶುಕ್ರವಾರ ತಟ್ಟೆ ತುಂಬ ಕೋಡುಬಳೆ ಕೊಟ್ಟು, ಕುಂಡವನ್ನು ಒಳಗೆ ತಂದಿಟ್ಟೆ.

೩. ಪುರಾವೆ

ಅಷ್ಟರಲ್ಲಿ ಟೀಚರ್ ಲೆಕ್ಕ ಶುರುಮಾಡಿದ್ದರು. “ಆರೂ ಮನೆಯಲ್ಲಿ ಉಂಡವರು ಯಾರ್ಯಾರು?”

ಲೆಕ್ಚರರ್ ತಡಮಾಡಲಿಲ್ಲ. “ಟೀಚರ್, ಇದು ಐರಿಶ್ ಕೈ!”

ಊರಿನ ಲೊರೆಶೋ ಬಡಾವಣೆಯಲ್ಲಿ ಹೆಸರಾಂತ ಐರಿಶ್ ಲೇಖಕಿಯೊಬ್ಬರಿದ್ದರು. ನಮ್ಮ ಯಜಮಾನರು ಡಾಕ್ಟರು, ಆಕೆ ಅವರ ಪೇಶೆಂಟು. ಆ ಪರಿಚಯದಿಂದ ನಮ್ಮ ಆರೂ ಮನೆಗೆ ಒಂದೊಂದು ಸಲ ಊಟಕ್ಕೆ ಬಂದಿದ್ದರು. ಕಥೆಗಳು ಅವರವೇ ಎಂದು ಸಾಧಿಸಲು ಇವನು ಹನ್ನೆರಡು ಪುಟದ ಪ್ರಬಂಧವನ್ನೇ ಬರೆದು ತಂದು ಓದಿದ.

“ಎಲ್ಲ ಕಥೇಲೂ ಮಳೆ. ಐರಿಶ್!”

“ನೈರೋಬಿಯಲ್ಲೂ ಮಳೆ ಬರತ್ತಲ್ಲಪ್ಪ,” ಅಂದೆ.

“ಬರತ್ತೆ ಅಕ್ಕಾ, ಆದರೆ ಇಲ್ಲಿ ಯಾರೂ ಅದನ್ನ ಬರೆಯಲ್ಲ. ಇನ್ನು, ಮೂರು ಕಥೇಲಿ ಆಲೂಗಡ್ಡೆ.”

“ಪಲ್ಯ ಮಾಡಿದ್ದು ನಾನು, ಹೆಸರು ಐರ್ಲೆಂಡಿಗಾ?” ಎಂದರು ಟೀಚರ್.

“ಭಾಷೆ ನೋಡಿ ಟೀಚರ್! ಇಂಥ ವಾಕ್ಯ ಸಾಮಾನ್ಯರಿಗೆ ಬರೆಯೋಕಾಗತ್ತಾ?” ಹೇಳುತ್ತಾ ಹೇಳುತ್ತಾ ಅವನ ಕಣ್ಣೇ ಒದ್ದೆಯಾಯಿತು.

ಟೀಚರ್ ತಲೆಯಾಡಿಸಿದರು. “ಹಾಗಾದರೆ ಅವರನ್ನೇ ಟೀಗೆ ಕರೆಯುವ. ಮುಖ ನೋಡಿಯೇ ಕೇಳುವ.”

ಅವನು ಹನ್ನೆರಡೂ ಪುಟವನ್ನು ಮಡಚಿ ಜೇಬಿಗೆ ತುರುಕಿಕೊಂಡ.

೪. ಕತ್ತರಿಸಿದ ಎರಡು ಪುಟ

ಆರೂ ಮನೆಯವರು ನಮ್ಮ ಹಾಲ್‌ನಲ್ಲಿ ಸೇರಿದೆವು. ಲೇಖಕಿ ಐದೂ ಸಂಚಿಕೆಗಳನ್ನು ತಂದಿದ್ದರು.

“ನಾನೇ ಬರೆದು ಮರೆತಿದ್ದೇನೋ ಎಂದು ಪೂರ್ತಿ ಓದಿದೆ,” ಎಂದರು. “ಇವು ನನ್ನವಲ್ಲ. ಆದರೆ ಬರೆದವರಿಗೆ ಬರವಣಿಗೆ ಬರುತ್ತದೆ.”

ಲೆಕ್ಚರರ್ ಬಾಗಿಲ ಕಡೆ ಸರಿಯುತ್ತಿದ್ದವನು ನಿಂತ. ಕಿವಿ ಕೆಂಪಾಯಿತು.

“ಹೂಕುಂಡದ ಕಥೆ ಒಂದೇ ನನಗೆ ಬೇಸರ ತಂದದ್ದು,” ಆಕೆ ಮುಂದುವರಿಸಿದರು. “ಕೊನೆ ಬಹಳ ಸಪ್ಪೆ. ಮಟಾಟು ಗಕ್ಕನೆ ಬ್ರೇಕ್ ಹಾಕಿದ ಹಾಗೆ ನಿಂತುಹೋಗುತ್ತದೆ.”

“ಅದು ನನ್ನ ತಪ್ಪಲ್ಲ ಮೇಡಂ!” ಅವನು ಕೂಗಿಯೇಬಿಟ್ಟ. “ಕೊನೇ ಎರಡು ಪುಟ ಪತ್ರಿಕೆಯವರು ಕತ್ತರಿಸಿಬಿಟ್ಟರು!”

ಅವನ ಮುಖ ನೋಡಿದರೆ ಏಳು ದಿನದ ಜಾಮೂ ಒಟ್ಟಿಗೆ ಕಾಣುತ್ತಿತ್ತು.

ಟೀಚರ್ ನಿಧಾನವಾಗಿ ಎದ್ದರು. “ಆ ಎರಡು ಪುಟದಲ್ಲಿ ಏನಿತ್ತು?”

“ಅದು… ಅದರಲ್ಲೇ ಟೀಚರ್, ನಿಮ್ಮನೆ ಅಡುಗೇನ ಹೊಗಳಿ ಬರೆದಿದ್ದೆ.”

ಟೀಚರ್ ಕುಳಿತರು. “ಮೊದಲೇ ಹೇಳುವುದಲ್ಲವಾ ಮಾರಾಯ! ಆ ಪತ್ರಿಕೆಯವರಿಗೇ ಬುದ್ಧಿ ಇಲ್ಲ.”

ಹೊರಡುವ ಮುಂಚೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಅವನನ್ನು ಬಾಲ್ಕನಿಗೆ ಕರೆದು ಅದನ್ನೇ ಕೇಳಿದರು. ಒಬ್ಬೊಬ್ಬರೂ ನಗುತ್ತಾ ಬಂದರು. ಕೊನೆಗೆ ನಾನೂ ಹೋದೆ. ನನಗೂ ಅದನ್ನೇ ಹೇಳಿದ.

ಎರಡೇ ಪುಟದಲ್ಲಿ ಆರು ಅಡುಗೆಮನೆಯನ್ನು ಹೊಗಳಿದವನ ಊಟ ತಪ್ಪಿಸುವುದು ಹೇಗೆ? ಶುಕ್ರವಾರ ಎಂದಿನಂತೆ ಕೋಡುಬಳೆ ಮಾಡಿದೆ, ಕುಂಡವನ್ನೂ ಮತ್ತೆ ಹೊರಗಿಟ್ಟೆ.